ಜ್ವರದಲ್ಲಿ ಮಲಗಿ ಎದ್ದೆ, ತಲೆ ಹಿಂದೆ ಕೂದಲು ಉಂಡೆ ಕಟ್ಟಿದೆ. ಕತ್ತರಿ ಹಾಕದೆ ಬಿಡಿಸಬಹುದಾ?

ಸೊಂಟದಜಡೆ
ಎಲ್ಲರಿಗೂ ನಮಸ್ಕಾರ. ದಯವಿಟ್ಟು ನಗಬೇಡಿ, ನಾನು ಅಳೋ ಸ್ಥಿತಿಯಲ್ಲಿದ್ದೀನಿ.

ಡೆಂಗಿ ಬಂದು ಎರಡು ವಾರ ಹಾಸಿಗೆ ಹಿಡಿದಿದ್ದೆ. ತಲೆ ಬಾಚೋದಿರಲಿ, ಎದ್ದು ಕೂರೋಕೂ ಆಗುತ್ತಿರಲಿಲ್ಲ. ಊರಿಂದ ಬಂದ ಅಮ್ಮ ಕೂದಲನ್ನೆಲ್ಲ ಒಟ್ಟು ಮಾಡಿ ಮೇಲೆ ಒಂದು ಗಂಟು ಹಾಕಿಬಿಟ್ಟಿದ್ದರು. ಬೆವರು, ದಿಂಬು, ಹೊರಳಾಟ. ಮೊನ್ನೆ ಗಂಟು ಬಿಚ್ಚಿದರೆ ಕುತ್ತಿಗೆಗಿಂತ ನಾಲ್ಕು ಬೆರಳು ಮೇಲೆ ತೆಂಗಿನ ನಾರಿನ ಉಂಡೆ ಥರ ಒಂದು ಮುದ್ದೆ. ನಿಂಬೆಹಣ್ಣಿಗಿಂತ ದೊಡ್ಡದು, ಮೋಸಂಬಿಗಿಂತ ಸ್ವಲ್ಪ ಚಿಕ್ಕದು. ಬೆರಳು ಒಳಗೆ ಹೋಗೋದೇ ಇಲ್ಲ.

ನಮ್ಮ ರಸ್ತೆಯ ಪಾರ್ಲರ್‌ಗೆ ಹೋದೆ. ಆಕೆ ಬಾಚಣಿಗೆ ತಗೊಂಡು ಬುಡದಿಂದ ಎರಡು ಸಲ ಎಳೆದಳು, ನನ್ನ ಕಣ್ಣಲ್ಲಿ ನೀರು ಬಂತು. ‘ಆಗಲ್ಲ ಮೇಡಂ, ಬಾಬ್ ಕಟ್ ಮಾಡಿಸಿ, ನಿಮ್ಮ ಮುಖಕ್ಕೆ ಚೆನ್ನಾಗಿರತ್ತೆ’ ಅಂದಳು. ಸೊಂಟದವರೆಗಿನ ಕೂದಲು. ಆರು ವರ್ಷದ್ದು. ಮನೆಗೆ ಬರೋದು ಬೋರ್‌ವೆಲ್ ನೀರು, ಅದರ ಕಥೆ ಬೇರೆ.

ಯಾರಾದರೂ ಇಂಥದ್ದನ್ನು ಬಿಡಿಸಿದ್ದೀರಾ? ಸುಮ್ನೆ ಸಮಾಧಾನ ಹೇಳಬೇಡಿ, ಆಗುತ್ತಾ ಇಲ್ವಾ ಅಂತ ಹೇಳಿ.

ಬೋಳುಬಸಣ್ಣ
ನನಗೆ 38ಕ್ಕೇ ಇದಕ್ಕೆ ಶಾಶ್ವತ ಪರಿಹಾರ ಸಿಕ್ಕಿತು. ಬಾಚಣಿಗೆ ಖರ್ಚೂ ಉಳಿಯಿತು.

ಗುಂಗುರುಗಂಗೆ
ಬಸಣ್ಣ, ಕೂದಲಿನ ವಿಷಯ ಬಂದರೆ ಮೊದಲು ಓಡಿ ಬರೋದು ನೀವೇ ಅಲ್ವಾ.

ಸೊಂಟದಜಡೆ, ಆಗುತ್ತೆ. ಕತ್ತರಿ ಮುಟ್ಟಬೇಡಿ. ನಾನು ಹೆರಿಗೆ ಆದ ಮೇಲೆ ಇದೇ ಥರ ಮಾಡಿಕೊಂಡಿದ್ದೆ, ಎರಡು ದಿನ ಹಿಡಿಯಿತು. ಆದರೆ ಮತ್ತೆ ಯಾರ ಕೈಗೂ ಬಾಚಣಿಗೆ ಕೊಡಬೇಡಿ, ಮುಖ್ಯವಾಗಿ ಬುಡದಿಂದ ಎಳೆಯೋರ ಕೈಗೆ. ಬುಡದಿಂದ ಬಾಚಿದರೆ ಮೇಲಿನ ಸಿಕ್ಕೆಲ್ಲ ಕೆಳಗೆ ಜಾರಿ ಒಂದೇ ಕಡೆ ಗಟ್ಟಿಯಾಗುತ್ತೆ. ಆ ಪಾರ್ಲರ್‌ನವಳು ನಿಮ್ಮ ಉಂಡೆಯನ್ನು ಇನ್ನಷ್ಟು ಬಿಗಿ ಮಾಡಿ ಕಳಿಸಿದ್ದಾಳೆ, ಅಷ್ಟೆ.

ಮನೆಮದ್ದುಮಂಜು
ಇಷ್ಟಕ್ಕೆಲ್ಲ ಯಾಕೆ ಟೆನ್ಷನ್. ಚೆನ್ನಾಗಿ ಕಾದ ಬಿಸಿನೀರಲ್ಲಿ ಎರಡು ಸಲ ಶಾಂಪೂ ಹಾಕಿ ಗಸಗಸ ತಿಕ್ಕಿ. ಜಿಡ್ಡು ಹೋದರೆ ತಾನಾಗೇ ಬಿಡುತ್ತೆ.

ಗುಂಗುರುಗಂಗೆ
ಬೇಡ ಬೇಡ ಬೇಡ!!

ಚಳ್ಳಕೆರೆಹುಡುಗ
ಮಂಜು ಅವರೇ, ನಮ್ಮದು ಕಂಬಳಿ ನೇಯೋ ಮನೆ. ನೀವು ಹೇಳಿದ್ದು ಕೂದಲು ಬಿಡಿಸೋ ವಿಧಾನ ಅಲ್ಲ, ಉಣ್ಣೆಯನ್ನು ಜಮಾಯಿಸೋ ವಿಧಾನ. ಬಿಸಿ, ಒದ್ದೆ, ತಿಕ್ಕಾಟ. ಈ ಮೂರೂ ಸೇರಿದರೆ ಉಣ್ಣೆ ಎಳೆಗಳು ಒಂದರೊಳಗೊಂದು ಹೊಕ್ಕು ಹಲಗೆ ಥರ ಆಗುತ್ತವೆ. ಉಣ್ಣೆ ಸ್ವೆಟರ್ ಬಿಸಿನೀರಲ್ಲಿ ಒಗೆದು ಮಗುವಿನ ಸೈಜ್ ಮಾಡಿಕೊಂಡವರು ಇಲ್ಲೇ ಹತ್ತು ಜನ ಇರಬಹುದು.

ಇವರ ತಲೆಯಲ್ಲಿ ಆಗಿರೋದೂ ಅದೇ. ಜ್ವರದ ಬಿಸಿ, ಬೆವರಿನ ಒದ್ದೆ, ದಿಂಬಿನ ತಿಕ್ಕಾಟ. ಎರಡು ವಾರ. ಕುರಿಯ ಬದಲು ಇವರು, ವ್ಯತ್ಯಾಸ ಅಷ್ಟೆ.

ಸೊಂಟದಜಡೆ
ಕುರಿ ಅಂದಿದ್ದಕ್ಕೆ ಧನ್ಯವಾದ 😭 ಆದರೆ ಅರ್ಥ ಆಯಿತು.

ಕೆಮಿಸ್ಟ್ರಿಮೇಷ್ಟ್ರು
ಚಳ್ಳಕೆರೆಯವರು ಹೇಳಿದ್ದು ನೂರಕ್ಕೆ ನೂರು ಸರಿ. ಸ್ವಲ್ಪ ಪಾಠ ಮಾಡ್ತೀನಿ, ಬೇಜಾರಾದವರು ಮುಂದಕ್ಕೆ ಹೋಗಿ.

ಕೂದಲಿನ ಹೊರಮೈ ನುಣುಪಾಗಿ ಕಂಡರೂ ನುಣುಪಲ್ಲ. ಮಂಗಳೂರು ಹೆಂಚಿನ ಸೂರು ನೋಡಿದ್ದೀರಲ್ಲ, ಒಂದರ ಮೇಲೊಂದು ಹೆಂಚು ಕೂತಿರುತ್ತೆ. ಕೂದಲಿನ ಮೇಲೂ ಹಾಗೇ ಸಣ್ಣ ಪೊರೆಗಳು. ಎಲ್ಲದರ ಬಾಯಿ ತುದಿಯ ಕಡೆಗೆ. ಅದಕ್ಕೇ ಬುಡದಿಂದ ತುದಿಗೆ ಕೈಯಾಡಿಸಿದರೆ ನುಣ್ಣಗೆ, ತುದಿಯಿಂದ ಬುಡಕ್ಕೆ ಆಡಿಸಿದರೆ ಒರಟು.

ಮನೆಯಲ್ಲೇ ನೋಡಬೇಕಾ? ಉದುರಿದ ಒಂದು ಕೂದಲು ತಗೊಂಡು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಉದ್ದಕ್ಕೆ ಹಿಂದೆ ಮುಂದೆ ಹೊಸೆಯಿರಿ. ಕೂದಲು ನಿಧಾನಕ್ಕೆ ಒಂದೇ ದಿಕ್ಕಿಗೆ ಹರಿದು ಹೋಗುತ್ತೆ. ಯಾವಾಗಲೂ ಬುಡ ಮುಂದೆ. ತಿರುಗಿಸಿ ಹಿಡಿದರೆ ಆ ಕಡೆಗೆ ಹರಿಯುತ್ತೆ.

ಈಗ ಲೆಕ್ಕ ಹಾಕಿ. ದಿಂಬಿನ ಮೇಲೆ ತಲೆ ಹೊರಳಿದಾಗೆಲ್ಲ ಉದುರಿದ ಒಂದೊಂದು ಕೂದಲೂ ಹೀಗೇ ತೆವಳಿಕೊಂಡು ಬೇರೆ ಕೂದಲುಗಳ ನಡುವೆ ನುಗ್ಗಿ ಹೊಲಿಗೆ ಹಾಕುತ್ತೆ. ಉಂಡೆಯಲ್ಲಿ ಇರೋದು ಬರೀ ಗಂಟಲ್ಲ, ನೇಯ್ಗೆ. ಆದ್ದರಿಂದ ಎಳೆದರೆ ಬಿಚ್ಚಲ್ಲ. ನೂಲು ನೂಲಾಗಿ ಹೊರಗೆ ತೆಗೆಯಬೇಕು.

ಬೋಳುಬಸಣ್ಣ
ಮೇಷ್ಟ್ರೇ, ಪ್ರಯೋಗಕ್ಕೆ ಕೂದಲು ಬೇಕಿತ್ತು, ಪಕ್ಕದ ಮನೆಯಿಂದ ಕಡ ತಂದೆ. ನಿಜವಾಗ್ಲೂ ಹರಿಯಿತು. ಹುಳು ಥರ.

ಶಿರಸಿಯವಳು
ನಮ್ಮಲ್ಲಿ ಇದಕ್ಕೆಲ್ಲ ಗೊಂಪು. ದಾಸವಾಳದ ಸೊಪ್ಪನ್ನು ನೀರಲ್ಲಿ ಕಿವುಚಿದರೆ ಲೋಳೆ ಬರುತ್ತಲ್ಲ, ಅದು. ಮತ್ತಿ ಸೊಪ್ಪಿನದ್ದಾದರೆ ಇನ್ನೂ ಒಳ್ಳೆಯದು. ಬಟ್ಟೆಯಲ್ಲಿ ಸೋಸಿಕೊಳ್ಳಿ, ಇಲ್ಲದಿದ್ದರೆ ಎಲೆ ಚೂರು ಹೆಕ್ಕೋದೇ ಒಂದು ಕೆಲಸ ಆಗುತ್ತೆ. ನಾನು ಪೇಟೆಯ ಕಂಡಿಷನರ್ ಮುಟ್ಟಿದ್ದೇ ಮದುವೆಯಾಗಿ ಬೆಂಗಳೂರಿಗೆ ಬಂದ ಮೇಲೆ. ಎರಡರದ್ದೂ ಜಾರಿಕೆ ಒಂದೇ ಥರ ಅನ್ನಿಸಿತು, ಪರಿಮಳ ಬೇರೆ.

ಎಡಿಸನ್‌ಅಮ್ಮ
ನ್ಯೂಜೆರ್ಸಿಯಲ್ಲಿ ಮತ್ತಿ ಸೊಪ್ಪು ಎಲ್ಲಿಂದ ತರಲಿ ಶಿರಸಿಯವರೇ 🙂 ನನ್ನ ಮಗಳಿಗೆ ಆರು ವರ್ಷ, ಗುಂಗುರು ಕೂದಲು. ಚಳಿಗಾಲದಲ್ಲಿ ಮನೆಯೊಳಗೆ ಹೀಟರ್, ಹೊರಗೆ ಉಲ್ಲನ್ ಟೋಪಿ. ಸಂಜೆ ಟೋಪಿ ತೆಗೆದರೆ ಕಾಗೆ ಗೂಡು. ಮೊದಲು ಒಣಗಿದ್ದಾಗಲೇ ಬಾಚುತ್ತಿದ್ದೆ, ಅವಳ ಕಿರುಚಾಟಕ್ಕೆ ಪಕ್ಕದ ಅಪಾರ್ಟ್‌ಮೆಂಟಿನವರು ಬಾಗಿಲು ತಟ್ಟಿದ್ದರು. ಈಗ ಸ್ನಾನದಲ್ಲಿ ಕಂಡಿಷನರ್ ಹಚ್ಚಿ, ಅದು ಕೂದಲ ಮೇಲೆ ಇರುವಾಗಲೇ ಅಗಲ ಹಲ್ಲಿನ ಬಾಚಣಿಗೆಯಲ್ಲಿ ತುದಿಯಿಂದ ಶುರು ಮಾಡ್ತೀನಿ. ಹತ್ತು ನಿಮಿಷ. ಕಿರುಚಾಟ ಇಲ್ಲ.

ಎಣ್ಣೆಅಜ್ಜಿ
ಒದ್ದೆ ಕೂದಲು ಬಾಚಬಾರದು ಅಂತ ನಮ್ಮಜ್ಜಿ ಹೇಳಿದ್ದು ಸುಳ್ಳಾ ಹಾಗಾದರೆ?

ಕೆಮಿಸ್ಟ್ರಿಮೇಷ್ಟ್ರು
ಸುಳ್ಳಲ್ಲ. ಕೂದಲು ತನ್ನ ತೂಕದ ಸುಮಾರು 30% ನೀರು ಕುಡಿಯುತ್ತೆ. ಆಗ ಉಬ್ಬುತ್ತೆ, ಒಳಗಿನ ಕೆಲವು ಬಂಧಗಳು ಸಡಿಲ ಆಗುತ್ತವೆ, ರಬ್ಬರ್ ಥರ ಹಿಗ್ಗುತ್ತೆ. ಜಾಸ್ತಿ ಹಿಗ್ಗಿಸಿದರೆ ವಾಪಸ್ ಬರಲ್ಲ, ಕಿತ್ತುಹೋಗುತ್ತೆ. ನಿಮ್ಮಜ್ಜಿಯದು ನೇರ ಕೂದಲಾಗಿದ್ದರೆ ಒಣಗಿದ ಮೇಲೆ, ಅಥವಾ ಅರೆಒಣ ಇದ್ದಾಗ ಬಾಚೋದೇ ಸರಿ.

ಗುಂಗುರು ಕೂದಲಿನ ಲೆಕ್ಕ ಬೇರೆ. ಒಣಗಿದಾಗ ಸುರುಳಿಗಳು ಒಂದಕ್ಕೊಂದು ಕೊಕ್ಕೆ ಹಾಕಿಕೊಂಡಿರುತ್ತವೆ. ನೆನೆದರೆ ಸುರುಳಿ ಸಡಿಲ. ಮೇಲಿಂದ ಕಂಡಿಷನರ್ ಜಾರಿಕೆ. ಅಲ್ಲಿ ಒದ್ದೆಯೇ ವಾಸಿ. ಬರೀ ನೀರಲ್ಲ, ಜಾರಿಕೆ ಇರೋ ಒದ್ದೆ. ಈ ಒಂದು ಮಾತನ್ನು ಬಿಟ್ಟು ಇಂಟರ್ನೆಟ್ಟಿನಲ್ಲಿ ಎರಡು ಪಂಗಡ ಹೊಡೆದಾಡುತ್ತಿವೆ.

ಉದ್ದಕೂದಲಹುಡುಗ
ಕಂಡಿಷನರ್ ಅಂದರೆ ಬರೀ ಕೆಮಿಕಲ್ ಅಂತ ನಮ್ಮಪ್ಪ. ಮೇಷ್ಟ್ರೇ ಏನಾದರೂ ಹೇಳಿ.

ಕೆಮಿಸ್ಟ್ರಿಮೇಷ್ಟ್ರು
ನೀರೂ ಕೆಮಿಕಲ್ಲೇ ಅಪ್ಪಾ. ತೊಳೆದ ಕೂದಲಿನ ಮೇಲೆ ಋಣ ವಿದ್ಯುದಂಶ ಇರುತ್ತೆ. ಕಂಡಿಷನರಿನ ಕಣಗಳದ್ದು ಧನ. ಹೋಗಿ ಅಂಟಿಕೊಳ್ಳುತ್ತವೆ, ಹಾಳಾದ ಜಾಗಕ್ಕೇ ಜಾಸ್ತಿ. ಇನ್ನು ಕೆಲವದರಲ್ಲಿ ಸಿಲಿಕೋನ್ ಇರುತ್ತೆ, ಅದು ತೆಳು ಪದರ ಕಟ್ಟುತ್ತೆ. ನಿಮ್ಮಪ್ಪ ಬೈಕಿನ ಚೈನಿಗೆ ಗ್ರೀಸ್ ಹಾಕ್ತಾರಲ್ಲ?

ಭಾಗ್ಯನಗರದಾಕಿ
ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ಈಗ ಬರೆಯಲೇಬೇಕು. ನಾನು ಕೊಪ್ಪಳದ ಪಕ್ಕದ ಭಾಗ್ಯನಗರದವಳು. ಗೊತ್ತಿದ್ದವರಿಗೆ ಗೊತ್ತು, ನಮ್ಮೂರಿನ ದಂಧೆಯೇ ಕೂದಲು. ಬಾಚಿದಾಗ ಉದುರಿದ ಕೂದಲನ್ನು ಉಂಡೆ ಮಾಡಿ ಗೋಡೆ ಸಂದಿಯಲ್ಲಿ ಇಡ್ತೀರಲ್ಲ, ಪಾತ್ರೆ ಕೊಟ್ಟು ಅದನ್ನು ಒಯ್ಯೋರು ಬರ್ತಾರಲ್ಲ, ಆ ಉಂಡೆಗಳು ಚೀಲಗಟ್ಟಲೆ ನಮ್ಮೂರಿಗೆ ಬರುತ್ತವೆ. ಅವನ್ನು ಬಿಡಿಸೋರು ಹೆಣ್ಣುಮಕ್ಕಳು. ನಮ್ಮತ್ತೆ ಮೂವತ್ತು ವರ್ಷ ಅದೇ ಕೆಲಸ ಮಾಡಿದ್ದಾರೆ. ಸಿಕ್ಕು ಬಿಡಿಸೋದಕ್ಕೆ ಸಂಬಳ ತಗೊಂಡವರ ಮಾತು ಕೇಳಿ ಒಮ್ಮೆ.

ಮೊದಲನೆಯದು, ಅವರು ಹಣಗಿ (ನೀವು ಬಾಚಣಿಗೆ ಅಂತೀರಿ) ಮುಟ್ಟೋದೇ ಕೊನೆಗೆ. ಮೊದಲು ಬೆರಳು. ಉಂಡೆಯನ್ನು ಎಳೆಯಲ್ಲ, ಹಿಂಜುತ್ತಾರೆ, ಹತ್ತಿ ಹಿಂಜಿದ ಹಾಗೆ. ಎರಡೂ ಕೈಯಿಂದ ಅಂಚಿನಲ್ಲಿ ಚೂರು ಚೂರೇ ಅಗಲ ಮಾಡುತ್ತಾ ಹೋಗ್ತಾರೆ. ಒಳಗೆ ಬೆಳಕು ಕಾಣಬೇಕು ಅಂತಾರೆ ನಮ್ಮತ್ತೆ. ಬೆಳಕು ಕಾಣದ ಜಾಗಕ್ಕೆ ಸೂಜಿ ಹಾಕಬಾರದು.

ಆಮೇಲೆ ದಪ್ಪ ಸೂಜಿ. ಅದನ್ನು ಚುಚ್ಚಿ ಎಳೆಯಲ್ಲ. ಗಂಟಿನ ಕೆಳಗೆ ತೂರಿಸಿ ಮೇಲಕ್ಕೆ ಮೀಟುತ್ತಾರೆ. ಒಂದು ಸಲಕ್ಕೆ ನಾಲ್ಕೈದು ಎಳೆ. ಬಂದ ಎಳೆಯನ್ನು ಪಕ್ಕಕ್ಕೆ ಮಲಗಿಸಿ, ಮತ್ತೆ ಉಂಡೆಗೆ ಸೇರದ ಹಾಗೆ ಮೊಣಕಾಲಿನ ಕೆಳಗೆ ಒತ್ತಿ ಇಟ್ಟುಕೊಳ್ತಾರೆ. ನೀವು ಅದಕ್ಕೆ ಕ್ಲಿಪ್ ಬಳಸಿ. ಬಿಡಿಸಿದ್ದನ್ನು ತಕ್ಷಣ ಸಡಿಲವಾಗಿ ಹೆಣೆದು ಕ್ಲಿಪ್ ಹಾಕಿಬಿಡಿ. ಇದನ್ನು ಮರೆತರೆ ಬೆಳಗ್ಗೆ ಬಿಡಿಸಿದ್ದು ಸಂಜೆಗೆ ಮತ್ತೆ ಉಂಡೆ.

ಮತ್ತೊಂದು. ನಿಮ್ಮ ತಲೆಯಲ್ಲಿರೋದು ಬೇರಿರೋ ಕೂದಲು. ಉಂಡೆಗೂ ತಲೆಗೂ ನಡುವೆ ಕೂದಲನ್ನು ಎಡಗೈಯಲ್ಲಿ ಗಟ್ಟಿ ಹಿಡಿದುಕೊಳ್ಳಿ. ಎಳೆತ ಎಲ್ಲ ಕೈಗೆ ಬರಬೇಕು, ಬುಡಕ್ಕೆ ಹೋಗಬಾರದು. ತಲೆಗೆ ನೋವಾದರೆ ಹಿಡಿತ ತಪ್ಪಿದೆ ಅಂತಲೇ ಅರ್ಥ.

ಉದ್ದಕೂದಲಹುಡುಗ
ವಾಹ್. ಹಾಗಾದರೆ ತಿರುಪತಿ ಕೂದಲೂ ನಿಮ್ಮೂರಿಗೇ ಬರುತ್ತಾ?

ಭಾಗ್ಯನಗರದಾಕಿ
ಅದು ಬೇರೆ ಮಾಲು. ಮುಡಿ ಕೊಟ್ಟ ಕೂದಲನ್ನು ಕಟ್ಟು ಮಾಡಿದರೆ ಎಲ್ಲದರ ಬುಡ ಒಂದು ಕಡೆ, ತುದಿ ಒಂದು ಕಡೆ ಇರುತ್ತೆ. ರೆಮಿ ಅಂತಾರೆ, ರೇಟು ಜಾಸ್ತಿ. ಉಂಡೆ ಕೂದಲಲ್ಲಿ ಬುಡ ತುದಿ ಎಲ್ಲ ಕಲಸುಮೇಲೋಗರ. ಮೇಷ್ಟ್ರು ಹೇಳಿದ ಹೆಂಚು ಎದುರುಬದುರು ಆಗಿಬಿಡುತ್ತೆ, ಎಷ್ಟು ಬಾಚಿದರೂ ಮತ್ತೆ ಸಿಕ್ಕಾಗುತ್ತೆ. ಅದಕ್ಕೇ ವಿಗ್ ಮಾಡೋರು ಅಂಥ ಕೂದಲನ್ನು ಆಸಿಡ್‌ನಲ್ಲಿ ಅದ್ದಿ ಪೊರೆಯನ್ನೇ ತೆಗೆದು, ಮೇಲೆ ಸಿಲಿಕೋನ್ ಹಚ್ಚುತ್ತಾರೆ. ಪೊರೆಯ ವಿಷಯ ಇವತ್ತು ಇಲ್ಲಿ ಓದಿದ ಮೇಲೆ ಅತ್ತೆಗೆ ಹೇಳಿದೆ. ‘ಅದು ನನ್ನ ಬೆರಳಿಗೆ ಮೊದಲೇ ಗೊತ್ತಿತ್ತು’ ಅಂದರು.

ಬಿಡಿಸೋ ಕೆಲಸ ಬಹಳಷ್ಟು ಮ್ಯಾನ್ಮಾರ್ ಕಡೆಗೆ ಹೋಗಿ ನಮ್ಮವರ ಕೈ ಖಾಲಿಯಾಗಿತ್ತು. 2022ರಲ್ಲಿ ಸರ್ಕಾರ ಸಂಸ್ಕರಿಸದ ಕೂದಲಿನ ರಫ್ತಿಗೆ ನಿರ್ಬಂಧ ಹಾಕಿದಾಗ ಊರಲ್ಲಿ ಅದೇ ಮಾತು. ಅದು ಬೇರೆ ಪುರಾಣ, ಬಿಡಿ.

ಸೊಂಟದಜಡೆ
ಭಾಗ್ಯನಗರದಾಕಿ, ನಿಮ್ಮ ಅತ್ತೆಯವರ ಕಾಲಿಗೆ ನಮಸ್ಕಾರ. ಒಂದೇ ಡೌಟು. ಎಣ್ಣೆ ಹಚ್ಚಲಾ, ಕಂಡಿಷನರ್ ಹಚ್ಚಲಾ? ಅಮ್ಮ ಕೊಬ್ಬರಿ ಎಣ್ಣೆ ಬಾಟಲಿ ಹಿಡಿದು ಪಕ್ಕದಲ್ಲೇ ನಿಂತಿದ್ದಾರೆ.

ಎಣ್ಣೆಅಜ್ಜಿ
ಕೊಬ್ಬರಿ ಎಣ್ಣೆ. ಪ್ರಶ್ನೆಯೇ ಇಲ್ಲ.

ಉದ್ದಕೂದಲಹುಡುಗ
ಕೊಬ್ಬರಿ ಎಣ್ಣೆ ಒಳ್ಳೆಯದು ಅಂತ ಎಲ್ಲರೂ ತೋರಿಸೋ ಆ 2003ರ ಅಧ್ಯಯನ ಇದೆಯಲ್ಲ, ಅದನ್ನು ಮಾಡಿದ್ದು ಮುಂಬೈನ ಮ್ಯಾರಿಕೋ ಕಂಪನಿಯವರು. ಪ್ಯಾರಾಚೂಟ್ ಎಣ್ಣೆ ಮಾರೋರು. ತಮ್ಮ ಮೊಸರು ಹುಳಿ ಅಂತ ಯಾರು ಹೇಳ್ತಾರೆ?

ಕೆಮಿಸ್ಟ್ರಿಮೇಷ್ಟ್ರು
ಮಾಡಿದ್ದು ಅವರೇ, ನಿಜ. ಆದರೆ ಅದರಲ್ಲಿ ಹೇಳಿದ್ದು ‘ಕೂದಲು ಬೆಳೆಯುತ್ತೆ’ ಅಂತಲ್ಲ. ಕೊಬ್ಬರಿ, ಸೂರ್ಯಕಾಂತಿ, ಮಿನರಲ್ ಎಣ್ಣೆ ಮೂರನ್ನೂ ಹೋಲಿಸಿದರು. ತೊಳೆದಾಗ ಕೂದಲಿನಿಂದ ಹೋಗೋ ಪ್ರೋಟೀನ್ ಕೊಬ್ಬರಿ ಎಣ್ಣೆಯಲ್ಲಿ ಮಾತ್ರ ಗಣನೀಯವಾಗಿ ಕಡಿಮೆಯಾಯಿತು. ಕೊಬ್ಬರಿ ಎಣ್ಣೆಯಲ್ಲಿರೋ ಲಾರಿಕ್ ಆಮ್ಲದ ಅಣು ಚಿಕ್ಕದು, ನೀಳ. ಕೂದಲಿನೊಳಗೆ ಇಳಿಯುತ್ತೆ ಅನ್ನೋದು ಅವರು ಕೊಟ್ಟ ಕಾರಣ. ಯಾರು ಮಾಡಿದರು ಅಂತ ನೋಡಬೇಕು, ಏನು ಹೇಳಿದರು ಅಂತಲೂ ನೋಡಬೇಕು.

ಎಣ್ಣೆಅಜ್ಜಿ
ನನಗೆ 71. ಜಡೆ ಇನ್ನೂ ನನ್ನ ಮುಂಗೈ ದಪ್ಪ ಇದೆ. ಅದೇ ನನ್ನ ಅಧ್ಯಯನ.

ಗುಂಗುರುಗಂಗೆ
ಅಜ್ಜಿ 1, ವಿಜ್ಞಾನ 0 😄

ಸೊಂಟದಜಡೆ, ನಾನು ಮಾಡಿದ್ದು ಎರಡೂ. ರಾತ್ರಿ ಒಣ ಉಂಡೆಗೆ ಎಣ್ಣೆ ಕುಡಿಸಿ ಬಿಟ್ಟೆ. ಮೇಲೆ ಸವರಿದರೆ ಆಗಲ್ಲ, ಡ್ರಾಪರಿನಲ್ಲಿ ಒಳಗೆ ಹನಿ ಹನಿ ಬಿಟ್ಟೆ. ಬೆಳಗ್ಗೆ ಬೆರಳಿಂದ ಆದಷ್ಟು ಹಿಂಜಿದೆ. ಆಮೇಲೆ ಉಳಿದದ್ದಕ್ಕೆ ಸ್ವಲ್ಪ ನೀರು ಚಿಮುಕಿಸಿ ಕಂಡಿಷನರ್ ಸುರಿದೆ. ಅರ್ಧ ಬಾಟಲಿ. ಜಿಪುಣತನ ಮಾಡಬೇಡಿ. ಪೂರ್ತಿ ಬಿಡೋವರೆಗೆ ತಲೆಗೆ ಸ್ನಾನ ಬೇಡ.

ಸೊಂಟದಜಡೆ
ಇವತ್ತಿನ ವರದಿ. ಎರಡೂವರೆ ಗಂಟೆ ಕೂತೆವು. ಅಮ್ಮ ಹಿಂದೆ ಸ್ಟೂಲಿನ ಮೇಲೆ, ನಾನು ನೆಲದ ಮೇಲೆ ಚಾಪೆ ಹಾಕಿಕೊಂಡು. ದಪ್ಪ ಸೂಜಿ ಇರಲಿಲ್ಲ, ಸ್ವೆಟರ್ ಹೆಣೆಯೋ ಕಡ್ಡಿಯ ಹಿಂದಿನ ತುದಿ ಬಳಸಿದೆವು. ಕಾಲು ಭಾಗ ಬಿಟ್ಟಿದೆ!! ಅಂಚಿನಲ್ಲಿ ಹಿಂಜುತ್ತಾ ಹೋದರೆ ನಿಜವಾಗ್ಲೂ ಒಳಗೆ ಬೆಳಕು ಕಾಣುತ್ತೆ. ಅಮ್ಮ ‘ಕಂಡಿತು ಕಂಡಿತು’ ಅಂತ ಕೂಗಿದರು.

ಆದರೆ ಚಾಪೆ ಮೇಲೆ ಉದುರಿದ ಕೂದಲು ನೋಡಿ ಎದೆ ಧಸಕ್ಕೆಂದಿತು. ಒಂದು ಹಿಡಿ. ನಾವೇ ಕಿತ್ತು ಹಾಕುತ್ತಿದ್ದೀವಾ?

ಚಳ್ಳಕೆರೆಹುಡುಗ
ಲೆಕ್ಕ ಮಾಡಿ. ಆರೋಗ್ಯವಾಗಿರೋ ಮನುಷ್ಯನಿಗೂ ದಿನಕ್ಕೆ 50ರಿಂದ 100 ಕೂದಲು ಉದುರುತ್ತೆ. ಎರಡು ವಾರ ಬಾಚಿಲ್ಲ. ಅಂದರೆ 700ರಿಂದ 1400. ಎಲ್ಲ ಎಲ್ಲಿಗೆ ಹೋಗುತ್ತೆ? ಉಂಡೆಯೊಳಗೇ ಸಿಕ್ಕಿಕೊಂಡಿತ್ತು.

ಗುಂಗುರುಗಂಗೆ
ಪರೀಕ್ಷೆ ಮಾಡಬಹುದು. ಕೂದಲನ್ನು ಬಿಳಿ ಕಾಗದದ ಮೇಲಲ್ಲ, ಕಪ್ಪು ಬಟ್ಟೆ ಮೇಲೆ ಇಡಿ. ಒಂದು ತುದಿಯಲ್ಲಿ ಸಾಸಿವೆಗಿಂತ ಎಷ್ಟೋ ಚಿಕ್ಕದಾದ ಬಿಳಿ ಚುಕ್ಕೆ ಕಂಡರೆ ಅದು ತಾನಾಗಿ ಬುಡಸಮೇತ ಉದುರಿದ್ದು. ಎರಡೂ ತುದಿಯಲ್ಲಿ ಚುಕ್ಕೆ ಇಲ್ಲದೆ, ಉದ್ದವೂ ಗಿಡ್ಡ ಇದ್ದರೆ ಅದು ಮುರಿದಿದ್ದು.

ಸೊಂಟದಜಡೆ
ಅಮ್ಮನ ಕಪ್ಪು ಬ್ಲೌಸ್ ಪೀಸ್ ಮೇಲೆ 20 ಕೂದಲು ಇಟ್ಟು ಟಾರ್ಚ್ ಬಿಟ್ಟು ನೋಡಿದೆ. 16ಕ್ಕೆ ಬಿಳಿ ಚುಕ್ಕೆ ಇದೆ. 4 ಮುರಿದಿದ್ದು. ಜೀವ ಬಂತು.

ಎಡಿಸನ್‌ಅಮ್ಮ
ಖುಷಿ ಆಯಿತು. ಒಂದು ವಿಷಯ ಮಾತ್ರ ಈಗಲೇ ಹೇಳಿಬಿಡ್ತೀನಿ, ಆಮೇಲೆ ಗಾಬರಿ ಆಗಬಾರದು. ದೊಡ್ಡ ಜ್ವರ ಬಂದು ಹೋದ ಎರಡು ಮೂರು ತಿಂಗಳಿಗೆ ಕೂದಲು ಜಾಸ್ತಿ ಉದುರೋದು ಮಾಮೂಲು. ನನಗೆ ಕೋವಿಡ್ ಆದಮೇಲೆ ಹಾಗೇ ಆಯಿತು. ಆಗ ಎಣ್ಣೆ, ಶಾಂಪೂ, ಬಾಚಣಿಗೆ ಯಾವುದನ್ನೂ ಬೈಯಬೇಡಿ. ಕೆಲವು ತಿಂಗಳಲ್ಲಿ ನಿಲ್ಲುತ್ತೆ. ನಿಲ್ಲದಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ.

ಸವದತ್ತಿಸೊಸೆ
ನಿಮ್ಮ ಉಂಡೆಯ ವಿಷಯ ಓದಿ ಬೇರೆಯೇ ನೆನಪಾಯಿತು. ವಿಷಯಾಂತರ ಅನ್ನಿಸಿದರೆ ಕ್ಷಮಿಸಿ.

ನಮ್ಮ ಕಡೆ ಹೆಣ್ಣುಮಗಳ ತಲೆಯಲ್ಲಿ ಹೀಗೆ ಕೂದಲು ಅಂಟಿಕೊಂಡರೆ ಅದನ್ನು ಸಿಕ್ಕು ಅನ್ನುತ್ತಿರಲಿಲ್ಲ. ‘ಜಡಿ ಬಂತು, ಎಲ್ಲಮ್ಮ ಒಲಿದಳು’ ಅನ್ನುತ್ತಿದ್ದರು. ಬಾಚೋ ಹಾಗಿಲ್ಲ, ಕತ್ತರಿಸೋ ಹಾಗಿಲ್ಲ, ಭಂಡಾರ ಹಚ್ಚಿ ಪೂಜೆ. ಜಡಿ ಬಂದ ಹುಡುಗಿಯರನ್ನು ದೇವರಿಗೆ ಬಿಟ್ಟ ಕಥೆ ನಮ್ಮ ಓಣಿಯಲ್ಲೇ ಇದೆ. ಕರ್ನಾಟಕದಲ್ಲಿ ದೇವದಾಸಿ ಸಮರ್ಪಣೆ ನಿಷೇಧ ಕಾಯಿದೆ ಆಗಿದ್ದು 1982ರಲ್ಲಿ. ಕಾಯಿದೆ ಬಂತು ಅಂತ ಓಣಿ ಒಂದೇ ದಿನಕ್ಕೆ ಬದಲಾಗಲಿಲ್ಲ. ನಮ್ಮ ಅತ್ತೆಯ ಚಿಕ್ಕಮ್ಮನ ಕುತ್ತಿಗೆ ಸಾಯೋವರೆಗೂ ಒಂದು ಕಡೆಗೇ ವಾಲಿತ್ತು, ಜಡಿಯ ಭಾರಕ್ಕೆ. ಒಂದು ಬಟ್ಟಲು ಎಣ್ಣೆ, ಒಬ್ಬರು ಕೂತು ಬಿಡಿಸೋರು ಇದ್ದಿದ್ದರೆ ಆಕೆಯ ಬಾಳೇ ಬೇರೆ ಆಗುತ್ತಿತ್ತೋ ಏನೋ.

ಎಣ್ಣೆಅಜ್ಜಿ
ನಂಬಿಕೆಯನ್ನು ಹಾಗೆಲ್ಲ ತಳ್ಳಿಹಾಕಬಾರದಮ್ಮ. ಸಾಧುಗಳೂ ಜಟೆ ಬಿಡ್ತಾರೆ.

ಸವದತ್ತಿಸೊಸೆ
ಅಜ್ಜಿ, ಸಾಧು ತಾನೇ ಬಯಸಿ ಬಿಡ್ತಾನೆ. ಹನ್ನೆರಡು ವರ್ಷದ ಹುಡುಗಿಯನ್ನು ಯಾರೂ ಕೇಳಲಿಲ್ಲ.

ಉದ್ದಕೂದಲಹುಡುಗ
ದ್ರೌಪದಿ ಹದಿಮೂರು ವರ್ಷ ಮುಡಿ ಕಟ್ಟದೆ ಇದ್ದಳಲ್ಲ, ಅವಳ ಸಿಕ್ಕು ಹೇಗಿದ್ದಿರಬೇಕು! ಭೀಮ ಕೂತು ಬಿಡಿಸಿದನಾ?

ಬೋಳುಬಸಣ್ಣ
ಭೀಮನ ಕೈಗೆ ಬಾಚಣಿಗೆ ಕೊಟ್ಟರೆ ನನ್ನ ತಲೆ ಆಗುತ್ತೆ.

ನಿರ್ವಾಹಕ
ಮಹಾಭಾರತಕ್ಕೆ, ಕಾಯಿದೆಗೆ ಬೇರೆ ಎಳೆ ತೆರೆಯಿರಿ. ಇಲ್ಲಿ ಒಬ್ಬರ ತಲೆ ಇನ್ನೂ ಮುಕ್ಕಾಲು ಭಾಗ ಉಂಡೆಯಾಗಿದೆ.

ಶಿರಸಿಯವಳು
ಬೋರ್‌ವೆಲ್ ನೀರಿನ ಬಗ್ಗೆ ಯಾರೂ ಮಾತಾಡಲಿಲ್ಲ. ಊರಲ್ಲಿ ಅಬ್ಬಿ ನೀರಲ್ಲಿ ಮಿಂದರೆ ರೇಷ್ಮೆ, ಬೆಂಗಳೂರಿನ ನಮ್ಮ ಬೋರ್ ನೀರಲ್ಲಿ ಮಿಂದರೆ ಪೊರಕೆ. ಅದೇ ತಲೆ, ಅದೇ ಸೀಗೆ.

ಕೆಮಿಸ್ಟ್ರಿಮೇಷ್ಟ್ರು
ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂದಲಿಗೆ ಅಂಟಿ ಒರಟು ಮಾಡುತ್ತವೆ. ಕುಡಿಯೋ ನೀರಿಗೆ ಲೀಟರಿಗೆ 200 ಮಿಲಿಗ್ರಾಂ ಗಡಸುತನದವರೆಗೆ ಒಪ್ಪಬಹುದು, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ಅನ್ನುತ್ತೆ ನಮ್ಮ ದೇಶದ ಮಾನದಂಡ. ಎಷ್ಟೋ ಬೋರ್‌ಗಳು ಅದನ್ನೂ ದಾಟುತ್ತವೆ. ಮೈ ಸೋಪನ್ನು ತಲೆಗೆ ಹಾಕಿದರಂತೂ ಕಥೆ ಮುಗಿಯಿತು. ಗಡಸು ನೀರಲ್ಲಿ ಸೋಪು ಮೊಸರೊಡೆದ ಹಾಗೆ ಒಡೆದು ಅಂಟಾಗುತ್ತೆ, ಕ್ಷಾರ ಬೇರೆ. ಸೀಗೆಯಲ್ಲಿ ಆ ಕಾಟ ಇಲ್ಲ, ಅದು ಸ್ವಲ್ಪ ಹುಳಿ. ಕೊನೆಯ ಎರಡು ಚೊಂಬು ಮಳೆನೀರೋ, ಫಿಲ್ಟರ್ ನೀರೋ ಸುರಿದುಕೊಂಡರೂ ವ್ಯತ್ಯಾಸ ಗೊತ್ತಾಗುತ್ತೆ.

ಮನೆಮದ್ದುಮಂಜು
ಚಿಗರೆಪುಡಿ ಮರೆತಿರಾ ಎಲ್ಲ? ಎಣ್ಣೆ ಸ್ನಾನ ಆದಮೇಲೆ ಸೀಗೆಪುಡಿ ಜೊತೆ ಚಿಗರೆಪುಡಿ. ಇದಾದರೂ ಸರಿಯಾ, ಇದಕ್ಕೂ ಬೈತೀರಾ?

ಗುಂಗುರುಗಂಗೆ
ಇದು ಸರಿ ಮಂಜು. ಆದರೆ ಪುಡಿ ನುಣ್ಣಗೆ ಜರಡಿ ಹಿಡಿದಿರಬೇಕು. ತರಿ ಇದ್ದರೆ ಅದೇ ಸಿಕ್ಕಿಗೆ ಸಿಕ್ಕಿಕೊಂಡು ಕೂದಲನ್ನು ತರಚುತ್ತೆ.

ಎಡಿಸನ್‌ಅಮ್ಮ
ಮಲಗುವಾಗ ಹತ್ತಿ ದಿಂಬಿನ ಬದಲು ರೇಷ್ಮೆ ಬಟ್ಟೆ ಹಾಕಿ. ತಿಕ್ಕಾಟ ಕಡಿಮೆ. ನಾನು ಹಳೇ ಮೈಸೂರು ಸಿಲ್ಕ್ ಸೀರೆಯಲ್ಲಿ ಕವರ್ ಹೊಲಿಸಿದ್ದೀನಿ.

ಶಿರಸಿಯವಳು
ಅಯ್ಯೋ, ಮೈಸೂರು ಸಿಲ್ಕ್ ಹರಿಯೋಕೆ ಕೈ ಹೇಗೆ ಬಂತು ನಿಮಗೆ!

ಎಡಿಸನ್‌ಅಮ್ಮ
ಸಾಂಬಾರ್ ಬಿದ್ದಿತ್ತು. ಹೋಗಲಿಲ್ಲ. ಒಂದು ಎಚ್ಚರಿಕೆ, ಜರಿ ಅಂಚು ಕತ್ತರಿಸಿ ತೆಗೆಯಿರಿ. ಮೊದಲ ದಿನ ಚೆಂದಕ್ಕೆ ಅಂತ ಇಟ್ಟುಕೊಂಡೆ, ಬೆಳಗ್ಗೆ ಮಗಳ ಕೂದಲು ಜರಿಗೆ ಸಿಕ್ಕಿಕೊಂಡು ಇಬ್ಬರೂ ದಿಂಬಿನ ಸಮೇತ ಎದ್ದೆವು.

ಉದ್ದಕೂದಲಹುಡುಗ
ಬಾಚಣಿಗೆ ಯಾವುದು ಒಳ್ಳೆಯದು? ಬೇವಿನ ಮರದ್ದು ತಗೊಳ್ಳಲಾ? ಆ ಟ್ಯಾಂಗಲ್ ಟೀಜರ್ ಅನ್ನೋ ಹಿಡಿಯಿಲ್ಲದ ಬ್ರಶ್ ಹೇಗೆ?

ಗುಂಗುರುಗಂಗೆ
ಬ್ರಶ್ಶು ದಿನದ ಸಣ್ಣ ಸಿಕ್ಕಿಗೆ ಚೆನ್ನಾಗಿದೆ. ಹಲ್ಲುಗಳು ಬಾಗುತ್ತವೆ, ಗಂಟು ಸಿಕ್ಕರೆ ಹಠ ಮಾಡಲ್ಲ. ಅದನ್ನು ಮಾಡಿದಾತ 2007ರಲ್ಲಿ ಬ್ರಿಟನ್ನಿನ ಒಂದು ಟಿವಿ ಶೋನಲ್ಲಿ ಬಂಡವಾಳ ಕೇಳಿ ಬರಿಗೈಲಿ ವಾಪಸಾದವನು, ಆಮೇಲೆ ಕೋಟಿಗಟ್ಟಲೆ ಗಳಿಸಿದ. ಉಂಡೆಗೆ ಮಾತ್ರ ಅದೂ ಬೇಡ. ಮರದ ಬಾಚಣಿಗೆ ಒಳ್ಳೆಯದೇ, ಹಲ್ಲಿನ ನಡುವೆ ಉಗುರಾಡಿಸಿ ನೋಡಿ, ಸಿಬಿರು ಇರಬಾರದು. ಅಗ್ಗದ ಪ್ಲಾಸ್ಟಿಕ್ಕಿನದ್ದರಲ್ಲಿ ಅಚ್ಚಿನ ಗೀರು ಉಳಿದಿರುತ್ತೆ, ಸಣ್ಣ ಗರಗಸ ಇದ್ದ ಹಾಗೆ.

ಸೊಂಟದಜಡೆ
ನಾಲ್ಕನೇ ದಿನ. ಒಟ್ಟು ಒಂಬತ್ತು ಗಂಟೆ. ಕಂಡಿಷನರ್ ಒಂದೂವರೆ ಬಾಟಲಿ, ಕೊಬ್ಬರಿ ಎಣ್ಣೆ ಲೆಕ್ಕ ಇಟ್ಟಿಲ್ಲ. ಮೋಸಂಬಿ ಹೋಗಿ ನೆಲ್ಲಿಕಾಯಿ ಆಯಿತು, ನೆಲ್ಲಿಕಾಯಿ ಹೋಗಿ ಕಡಲೆಕಾಳು. ಆ ಕಡಲೆಕಾಳು ಮಾತ್ರ ಏನು ಮಾಡಿದರೂ ಬಿಡಲಿಲ್ಲ. ಕೊನೆಗೆ ಸಣ್ಣ ಕತ್ತರಿಯನ್ನು ಅಡ್ಡಕ್ಕಲ್ಲ, ಕೂದಲಿನ ಉದ್ದಕ್ಕೇ ಇಟ್ಟು ಗಂಟಿನ ನಡುವೆ ಎರಡು ಕಡೆ ಸೀಳಿದೆವು. ಎರಡೂ ಅರ್ಧ ಜಾರಿಕೊಂಡು ಬಂದವು. ಒಂದು ಸಣ್ಣ ಎಳೆಯಷ್ಟು ಕೂದಲು ಹೋಯಿತು, ಹುಡುಕಿದರೂ ಕಾಣಲ್ಲ.

ಇವತ್ತು ಸೀಗೆ ಹಾಕಿ ನೀರು ಹೊಯ್ದುಕೊಂಡೆ. ತಿಕ್ಕಲಿಲ್ಲ, ಕೂದಲನ್ನು ಮೇಲಕ್ಕೆ ಗುಪ್ಪೆ ಮಾಡಲಿಲ್ಲ, ಮೇಲಿಂದ ಕೆಳಕ್ಕೆ ಬಿಟ್ಟುಕೊಂಡೇ ತೊಳೆದೆ. ಟವೆಲ್ ಬದಲು ಅಪ್ಪನ ಹಳೇ ಪಂಚೆಯಲ್ಲಿ ಒತ್ತಿದೆ. ಹನ್ನೊಂದು ನಿಮಿಷದಲ್ಲಿ ಬಾಚಿ ಮುಗಿಯಿತು. ಸೊಂಟದವರೆಗೂ ಇದೆ!!

ಎಣ್ಣೆಅಜ್ಜಿ
ದೃಷ್ಟಿ ತೆಗೆಸಿಕೋ ಮಗಳೇ. ರಾತ್ರಿ ಮಲಗುವಾಗ ಸಡಿಲವಾಗಿ ಒಂದು ಜಡೆ ಹಾಕಿಕೋ. ಬಿಗಿ ಬೇಡ, ಹಣೆ ಮೇಲಿನ ಕೂದಲು ಕಿತ್ತು ಹೋಗುತ್ತೆ.

ಚಳ್ಳಕೆರೆಹುಡುಗ
ಅಭಿನಂದನೆ. ಕುರಿ ಅಂದಿದ್ದಕ್ಕೆ ಈಗ ಕ್ಷಮೆ ಇರಲಿ.

ಗುಂಗುರುಗಂಗೆ
ಆ ಪಾರ್ಲರ್ ಮುಂದೆ ಜಡೆ ಬೀಸಿಕೊಂಡು ಎರಡು ಸಲ ಓಡಾಡಿ ಬನ್ನಿ, ಪ್ಲೀಸ್.

ಸೊಂಟದಜಡೆ
ಆಗಲೇ ಹೋಗಿ ಬಂದೆ 😄

ಭಾಗ್ಯನಗರದಾಕಿ, ನಿಮಗೊಂದು ಸುದ್ದಿ. ಬಿಡಿಸುವಾಗ ಉದುರಿದ್ದನ್ನೆಲ್ಲ ಅಮ್ಮ ಎಸೆಯೋಕೆ ಬಿಡಲಿಲ್ಲ. ಪ್ಲಾಸ್ಟಿಕ್ ಕವರಿಗೆ ಹಾಕಿ ಊರಿಗೆ ಒಯ್ದಿದ್ದಾರೆ. ಕೂದಲಿನವನು ಬಂದರೆ ಒಂದು ಸ್ಟೀಲ್ ಡಬ್ಬಿ ಸಿಗುತ್ತಂತೆ.

ಭಾಗ್ಯನಗರದಾಕಿ
ಹಾಗಾದರೆ ಅದು ತಿರುಗಿ ತಿರುಗಿ ನಮ್ಮ ಓಣಿಗೇ ಬಂದರೂ ಬಂತು. ಅತ್ತೆಗೆ ಓದಿ ಹೇಳಿದೆ. ‘ಅಷ್ಟು ಎಣ್ಣೆ ಹಚ್ಚಿದ ಮಾಲು ಬೇಡ, ಕೈಯೆಲ್ಲ ಜಿಡ್ಡು. ತೊಳೆದು ಕೊಡೋಕೆ ಹೇಳು’ ಅಂದರು.